ಹೇಳಿದ್ದು 75 ಮೈಲಿ, ಸಿಕ್ಕಿದ್ದು 68: ಬಾಸ್ ಬೋಟ್‌ನ ಉಳಿದ ವೇಗ ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: ಟೆಕ್ಸಸ್‌ನಲ್ಲಿದ್ದೇನೆ. ಎರಡು ವರ್ಷ ಹಳೆಯ, 20 ಅಡಿ ಉದ್ದದ ಫೈಬರ್‌ಗ್ಲಾಸ್ ಬಾಸ್ ಬೋಟ್ (ಬಾಸ್ ಮೀನು ಹಿಡಿಯಲೆಂದು ಮಾಡಿದ ವೇಗದ ದೋಣಿ) ಕೊಂಡಿದ್ದೇನೆ. 250 ಎಚ್‌ಪಿ ಔಟ್‌ಬೋರ್ಡ್ ಮೋಟಾರ್, 25 ಪಿಚ್‌ನ (ಒಂದು ಸುತ್ತಿಗೆ 25 ಇಂಚು ಮುಂದೆ ಹೋಗುವ ಲೆಕ್ಕದ) ಸ್ಟೀಲ್ ಪ್ರಾಪೆಲರ್. ಗಂಟೆಗೆ 75 ಮೈಲಿ ಓಡುತ್ತದೆ ಎಂದು ಮಾರಿದವರು ಹೇಳಿದ್ದರು. ಜುಲೈನಲ್ಲಿ ಗೆಳೆಯರೊಬ್ಬರ ಜೊತೆ ಲೇಕ್ ಫೋರ್ಕ್‌ಗೆ ಹೋದಾಗ ಜಿಪಿಎಸ್‌ನಲ್ಲಿ 68 ದಾಟಲೇ ಇಲ್ಲ. ಮೋಟಾರಿನಲ್ಲಿ ದೋಷವಿದೆಯೇ, ಅಥವಾ ಅವರು ಹೇಳಿದ್ದೇ ಸುಳ್ಳೇ?

ಉತ್ತರ: ಹೆಚ್ಚಾಗಿ ಎರಡೂ ಅಲ್ಲ. ಅದೇ ಬೋಟು, ಅದೇ ಮೋಟಾರು, ಒಂದು ದಿನ 75, ಇನ್ನೊಂದು ದಿನ 68 ಓಡುವುದು ಪೂರ್ತಿ ಸಹಜ. ಎಷ್ಟು ಭಾರ ಹೊತ್ತಿತ್ತು, ಹವೆ ಹೇಗಿತ್ತು ಎಂದು ಹೇಳದೆ ಬರಿಯ ವೇಗದ ಅಂಕಿ ಹೇಳಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಮೋಟಾರ್ ಸರಿಯಿದೆಯೇ ಎಂಬುದನ್ನು ಸ್ಪೀಡೋಮೀಟರಿಗಿಂತ ಚೆನ್ನಾಗಿ ಟ್ಯಾಕೋಮೀಟರ್ ಹೇಳುತ್ತದೆ, ಅಂದರೆ ಆರ್‌ಪಿಎಂ ತೋರಿಸುವ ಮುಳ್ಳು. ಅದನ್ನು ನೀವು ಬರೆದಿಲ್ಲ. ಹಾಗಾಗಿ ಅದನ್ನು ಓದುವ ಬಗೆಯನ್ನೂ ಕೆಳಗೆ ವಿವರಿಸಿದ್ದೇವೆ. ಅಮೆರಿಕದ ಬೋಟುಗಳ ಲೆಕ್ಕವೆಲ್ಲ ಮೈಲಿ, ಪೌಂಡ್, ಗ್ಯಾಲನ್, ಇಂಚಿನಲ್ಲೇ ನಡೆಯುವುದರಿಂದ ಇಲ್ಲಿಯೂ ಹಾಗೇ ಇಟ್ಟಿದ್ದೇವೆ. 68 ಮೈಲಿ ಎಂದರೆ ಸುಮಾರು 109 ಕಿಲೋಮೀಟರ್, 75 ಎಂದರೆ 121.

ಮೊದಲು ಒಂದು ಅಂದಾಜು ಮನಸ್ಸಿನಲ್ಲಿರಲಿ. ಬಿ.ಎ.ಎಸ್.ಎಸ್. ಮುಂತಾದ ಸಂಸ್ಥೆಗಳ ದೊಡ್ಡ ಮೀನುಗಾರಿಕೆ ಟೂರ್ನಮೆಂಟ್‌ಗಳು ಬಹುಕಾಲ 250 ಎಚ್‌ಪಿಯನ್ನೇ ಮಿತಿಯಾಗಿ ಇಟ್ಟಿದ್ದರಿಂದ 20–21 ಅಡಿಯ ಬಹುತೇಕ ಬೋಟುಗಳು ಆ ಮೋಟಾರಿಗೆಂದೇ ತಯಾರಾಗಿವೆ. ಮೀನು ಹಿಡಿಯುವ ಸಾಮಾನೆಲ್ಲ ತುಂಬಿಕೊಂಡು ಅವು ಓಡುವುದು 66ರಿಂದ 72 ಮೈಲಿ. ಹಗುರಾಗಿ, ತಂಪು ಹವೆಯಲ್ಲಿ, ಒಬ್ಬರೇ ಕೂತರೆ 73–75. ಹದಿನೆಂಟು ಅಡಿಯ ಫೈಬರ್‌ಗ್ಲಾಸ್ ಬೋಟಿಗೆ 150 ಎಚ್‌ಪಿ ಇದ್ದರೆ 55–60, ಅಲ್ಯೂಮಿನಿಯಂ ಬೋಟಿಗೆ 115 ಎಚ್‌ಪಿ ಇದ್ದರೆ ನಲವತ್ತರ ಆಸುಪಾಸು. ಆಲಿಸನ್, ಬುಲೆಟ್‌ನಂಥ ಹಗುರ ಬೋಟುಗಳು 80 ದಾಟುತ್ತವೆ. ಅವು ಬೇರೆಯೇ ಜಾತಿ, ಅವುಗಳ ಜೊತೆ ನಿಮ್ಮದನ್ನು ಹೋಲಿಸಬೇಡಿ.

ಏಳು ಮೈಲಿಯ ಲೆಕ್ಕ

ನೀರಿನ ಮೇಲೆ ಎದ್ದು ಓಡುವ ಬೋಟಿನ ವೇಗ ಶಕ್ತಿಗೆ ನೇರ ಅನುಪಾತದಲ್ಲಿ ಏರುವುದಿಲ್ಲ. ಶಕ್ತಿಯನ್ನು ತೂಕದಿಂದ ಭಾಗಿಸಿ ಬಂದದ್ದರ ವರ್ಗಮೂಲದ ಜೊತೆ ಏರುತ್ತದೆ. ಶಕ್ತಿ ಶೇ 10 ಇಳಿದರೆ ವೇಗ ಇಳಿಯುವುದು ಸುಮಾರು ಶೇ 5. ತೂಕ ಶೇ 10 ಏರಿದರೂ ಹೆಚ್ಚುಕಡಿಮೆ ಅಷ್ಟೇ. ನಿಮ್ಮ ಅಳತೆಯ ಬೋಟಿಗೆ ಪ್ರತಿ 100 ಪೌಂಡ್‌ಗೆ ಒಂದು ಮೈಲಿ ಹೋಗುತ್ತದೆ ಎಂದು ಹಿಡಿದರೆ ಲೆಕ್ಕ ತಪ್ಪುವುದಿಲ್ಲ.

ಮಾರುವವರು 75 ತೋರಿಸುವುದು ಸಾಮಾನ್ಯವಾಗಿ ಹೇಗೆ? ಡ್ರೈವರ್ ಒಬ್ಬರೇ, ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್, ಲಾಕರುಗಳು ಖಾಲಿ, 60 ಡಿಗ್ರಿ ಫ್ಯಾರನ್‌ಹೀಟ್‌ನ ಬೆಳಗು. ಮೋಟಾರು, ಬ್ಯಾಟರಿ, ಆಳು ಎಲ್ಲ ಸೇರಿ 3,200 ಪೌಂಡ್ ಎನ್ನೋಣ. ಈಗ ನೀವು 30 ಗ್ಯಾಲನ್ ಹೆಚ್ಚು ಪೆಟ್ರೋಲ್ ಹಾಕಿದಿರಿ; ಗ್ಯಾಲನ್‌ಗೆ ಆರು ಪೌಂಡ್‌ಗಿಂತ ತುಸು ಹೆಚ್ಚು, ಒಟ್ಟು 185. ಗೆಳೆಯರು 180. ಗಾಳ, ಸೀಸದ ಗುಂಡು, ಆಂಕರ್, ಐಸ್ ಪೆಟ್ಟಿಗೆ ಸೇರಿ 150. ಅಲ್ಲಿಗೆ 515 ಪೌಂಡ್ ಏರಿತು. ವರ್ಗಮೂಲದ ಲೆಕ್ಕದಲ್ಲಿ 75 ಇದ್ದದ್ದು 69.6 ಆಯಿತು.

ಉಳಿದದ್ದನ್ನು ಕಸಿದದ್ದು ಜುಲೈನ ಸೆಕೆ. ಬಿಸಿ ಗಾಳಿ ವಿರಳ, ಅದರಲ್ಲಿ ಆಮ್ಲಜನಕ ಕಡಿಮೆ. ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್ ಏರಿಕೆಗೆ ಶಕ್ತಿ ಸುಮಾರು ಶೇ 1 ಇಳಿಯುತ್ತದೆ. 60ರಿಂದ 95ಕ್ಕೆ ಏರಿದರೆ ಶೇ 3.5, ಪೂರ್ವ ಟೆಕ್ಸಸ್‌ನ ತೇವದಿಂದ ಇನ್ನೊಂದು–ಒಂದೂವರೆ. ಒಟ್ಟು ಶೇ 5 ಶಕ್ತಿ, ಅಂದರೆ ಶೇ 2.5 ವೇಗ, ಅಂದರೆ ಒಂದೂಮುಕ್ಕಾಲು ಮೈಲಿ. ಕಳೆದರೆ ಉಳಿಯುವುದು 67.8. ನಿಮ್ಮ ಜಿಪಿಎಸ್ ತೋರಿಸಿದ್ದೂ ಅಷ್ಟೇ.

ಇದರ ಮೇಲೆ ಎರಡೂ ಲೈವ್‌ವೆಲ್ ತುಂಬಿದರೆ (ಹಿಡಿದ ಮೀನನ್ನು ಜೀವಂತ ಇಡುವ ತೊಟ್ಟಿಗಳು) ಇನ್ನೂ ಇಳಿಯುತ್ತದೆ. ನೀರು ಗ್ಯಾಲನ್‌ಗೆ 8.3 ಪೌಂಡ್, 30 ಗ್ಯಾಲನ್ ಎಂದರೆ 250. ಟೂರ್ನಮೆಂಟ್ ಮುಗಿಸಿ ತೂಕ ಹಾಕಿಸಲು ಮರಳುವಾಗ ಸಮಯ ಸಾಲದೆ ಒದ್ದಾಡುವವರು ಮರೆಯುವುದು ಇದನ್ನೇ. ಬೆಳಿಗ್ಗೆ 70ರಲ್ಲಿ ಹೋದ ದಾರಿಗೆ ಮಧ್ಯಾಹ್ನ 67ರ ಲೆಕ್ಕ ಹಾಕಬೇಕು. ಪೆಟ್ರೋಲ್ ಖರ್ಚಾಗಿ ಹಗುರಾದದ್ದನ್ನು ನೀರು, ಬಿಸಿಲು ಸೇರಿ ಮರಳಿ ಕಿತ್ತುಕೊಳ್ಳುತ್ತವೆ.

ಎತ್ತರದ ಜಲಾಶಯಗಳಿಗೆ ಹೋಗುವವರಿಗೆ ಒಂದು ಮಾತು. ಸಮುದ್ರಮಟ್ಟದಿಂದ ಪ್ರತಿ 1,000 ಅಡಿಗೆ ಶಕ್ತಿ ಶೇ 3ರಷ್ಟು ಇಳಿಯುತ್ತದೆ. ಲೇಕ್ ಫೋರ್ಕ್ ಇರುವುದು 400 ಅಡಿಯಲ್ಲಿ, ಚಿಂತೆಯಿಲ್ಲ. ಯೂಟಾ–ಅರಿಜೋನಾ ಗಡಿಯ ಲೇಕ್ ಪವೆಲ್ ಸುಮಾರು 3,600 ಅಡಿಯಲ್ಲಿದೆ. ಅಲ್ಲಿ ಶಕ್ತಿ ಶೇ 11 ಹೋಗುತ್ತದೆ, 72 ಓಡುವ ಬೋಟು 68ಕ್ಕೆ ನಿಲ್ಲುತ್ತದೆ. ಆರ್‌ಪಿಎಂ ಕೂಡ ಇಳಿಯುವುದರಿಂದ ಕಡಿಮೆ ಪಿಚ್‌ನ ಪ್ರಾಪ್ ಒಯ್ಯುವುದು ಒಳ್ಳೆಯದು.

ನೀರು, ಗಾಳಿ, ಹರಿವು

ಕನ್ನಡಿಯಂತೆ ನಿಂತ ನೀರಿನಲ್ಲಿ ಬೋಟು ಅತಿ ವೇಗವಾಗಿ ಓಡುತ್ತದೆ ಎಂದು ಅನ್ನಿಸುವುದು ಸಹಜ, ಆದರೆ ಹಾಗಲ್ಲ. ಪೂರ್ತಿ ನಿಶ್ಚಲ ನೀರು ಹಲ್‌ನ (ಬೋಟಿನ ಒಡಲಿನ) ತಳಕ್ಕೆ ಅಂಟಿಕೊಳ್ಳುತ್ತದೆ. ನಾಲ್ಕೈದು ಇಂಚಿನೊಳಗಿನ ಸಣ್ಣ ಅಲೆಗಳಿದ್ದರೆ ತಳದಡಿ ಗಾಳಿ ನುಗ್ಗಿ ಆ ಹಿಡಿತ ಸಡಿಲುತ್ತದೆ, ಒಂದೆರಡು ಮೈಲಿ ಹೆಚ್ಚು ಸಿಗುತ್ತದೆ. ಅಲೆ ಒಂದು ಅಡಿ ದಾಟಿದರೆ ಕಥೆ ಬೇರೆ. ಪ್ರಾಪ್ ನೀರು ಬಿಟ್ಟು ಮೇಲೆದ್ದು ಸುಮ್ಮನೆ ತಿರುಗುತ್ತದೆ, ಟ್ರಿಮ್ (ಮೋಟಾರಿನ ಓರೆ) ಇಳಿಸಿ ಮೂತಿ ತಗ್ಗಿಸಬೇಕಾಗುತ್ತದೆ. ಅಲ್ಲಿ ವೇಗ ನಿರ್ಧರಿಸುವುದು ಮೋಟಾರಲ್ಲ, ಕೂತವರ ಬೆನ್ನು. ಲೇಕ್ ಈರಿಯಂಥ ತೆರೆದ ನೀರಿನಲ್ಲಿ ಗಾಳಿ ಎದ್ದ ದಿನ 250 ಎಚ್‌ಪಿ ಇದ್ದವರೂ 25–30 ಮೈಲಿಯಲ್ಲೇ ತೆವಳುತ್ತಾರೆ.

ಎದುರುಗಾಳಿ 10 ಮೈಲಿ ಇದ್ದರೆ 70ರಲ್ಲಿ ಓಡುವ ಬೋಟಿಗೆ ಬಡಿಯುವುದು 80 ಮೈಲಿಯ ಗಾಳಿ. ಗಾಳಿಯ ತಡೆ ಶೇ 30 ಏರುತ್ತದೆ. ಅದೇ ಗಾಳಿ ಮೂತಿಯನ್ನು ಎತ್ತುವುದೂ ಉಂಟು. ಹಗುರ ಬೋಟುಗಳಲ್ಲಿ ಅದು ಲಾಭ ಕೊಟ್ಟರೂ ಅಪಾಯದ ಲಾಭ.

ನದಿಯಲ್ಲಿ ಅಳೆಯುವಾಗ ಜಿಪಿಎಸ್ ತೋರಿಸುವುದು ನೆಲಕ್ಕೆ ಹೋಲಿಸಿದ ವೇಗ ಎಂಬುದು ನೆನಪಿರಲಿ. ಟೆನೆಸಿ ನದಿಯಲ್ಲಿ ಮೂರು ಮೈಲಿಯ ಹರಿವಿದ್ದರೆ ಕೆಳಮುಖವಾಗಿ 75, ಮೇಲ್ಮುಖವಾಗಿ 69 ಬರುತ್ತದೆ. ಬೋಟಿನ ನಿಜವಾದ ವೇಗ 72. ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯದ ಅಂಕಿಯನ್ನು ನಂಬಬೇಡಿ.

ಟ್ಯಾಕೋಮೀಟರ್ ಏನು ಹೇಳುತ್ತದೆ

ಪ್ರಾಪ್ ಮೇಲಿನ ಪಿಚ್ ಸಂಖ್ಯೆ ಎಂದರೆ ಅದು ಒಂದು ಸುತ್ತಿಗೆ ಜಾರದೆ ಮುಂದೆ ಹೋಗಬೇಕಾದ ಇಂಚುಗಳು. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಗೇರ್ ಅನುಪಾತದಿಂದಲೂ 1,056ರಿಂದಲೂ ಭಾಗಿಸಿದರೆ ಜಾರುವಿಕೆಯೇ ಇಲ್ಲದ ವೇಗ ಮೈಲಿಯಲ್ಲಿ ಸಿಗುತ್ತದೆ. ಗೇರ್ ಅನುಪಾತ ಮೋಟಾರಿನ ಕೈಪಿಡಿಯಲ್ಲಿದೆ, 250 ಎಚ್‌ಪಿ ವರ್ಗದಲ್ಲಿ 1.75 ಸಾಮಾನ್ಯ. 6,000 ಆರ್‌ಪಿಎಂ, 25 ಪಿಚ್, 1.75 ಎಂದರೆ 81.2 ಮೈಲಿ. ನಿಜವಾಗಿ ಸಿಕ್ಕದ್ದು 73 ಆದರೆ ಜಾರಿದ್ದು, ಅಂದರೆ ಸ್ಲಿಪ್, ಶೇ 10. ಚೆನ್ನಾಗಿ ಹೊಂದಿಸಿದ ಬಾಸ್ ಬೋಟಿನಲ್ಲಿ ಸ್ಲಿಪ್ ಶೇ 6ರಿಂದ 10ರವರೆಗೆ ಇರುತ್ತದೆ.

ನಿಮ್ಮ 68 ಮೈಲಿಗೆ ಇದನ್ನು ಹಚ್ಚಿ ನೋಡಿ. ಥ್ರಾಟಲ್ ಪೂರ್ತಿ ಒತ್ತಿದಾಗ ಮುಳ್ಳು 5,600ರ ಹತ್ತಿರ ಇತ್ತೇ? ಹಾಗಿದ್ದರೆ ಸ್ಲಿಪ್ ಶೇ 10. ಬೋಟು ಆರೋಗ್ಯವಾಗಿದೆ, ಭಾರ ಹೆಚ್ಚಾಗಿ ಆರ್‌ಪಿಎಂ ತಗ್ಗಿದೆ, ಅಷ್ಟೇ.

ಅದೇ 68ಕ್ಕೆ ಮುಳ್ಳು 6,000 ತೋರಿಸಿದ್ದರೆ ಸ್ಲಿಪ್ ಶೇ 16. ಮೋಟಾರು ಗಟ್ಟಿಯಾಗಿದೆ, ಆದರೆ ಅದರ ಶಕ್ತಿ ನೀರಿಗೆ ದಾಟುತ್ತಿಲ್ಲ. ಪ್ರಾಪ್ ಬಿಚ್ಚಿ ಅಲಗುಗಳ ಅಂಚು ನೋಡಿ. ಲೇಕ್ ಫೋರ್ಕ್‌ನಲ್ಲಿ ಮುಳುಗಿದ ಮರಗಳು ಬೇಕಾದಷ್ಟಿವೆ, ಉಗುರಿನಷ್ಟು ಬಾಗಿದ ಅಂಚೂ ಎರಡು ಮೈಲಿ ತಿನ್ನುತ್ತದೆ. ಒಳಗಿನ ರಬ್ಬರ್ ಹಬ್ ಸವೆದು ಜಾರುವುದೂ ಉಂಟು. ಪ್ರಾಪ್ ಸರಿಯಿದ್ದರೆ ಮೋಟಾರನ್ನು ತೀರಾ ಎತ್ತರಕ್ಕೆ ಕೂರಿಸಲಾಗಿದೆಯೇ ನೋಡಬೇಕು. ಕಡೆಗೆ ಹಲ್‌ನ ತಳ. ಟ್ರೇಲರ್‌ನ ಹಲಗೆಗಳು ಸರಿಯಾಗಿ ಆಸರೆ ಕೊಡದಿದ್ದರೆ ಹಿಂಭಾಗದ ತಳ ಒಳಕ್ಕೆ ಬಾಗಿ ಕೊಕ್ಕೆಯಂತಾಗುತ್ತದೆ, ಮೂತಿ ಏಳುವುದೇ ಇಲ್ಲ. ಉದ್ದದ ಲೋಹದ ಪಟ್ಟಿಯನ್ನು ತಳಕ್ಕೆ ಒತ್ತಿ ಹಿಡಿದು ನಡುವೆ ಬೆಳಕು ಕಾಣುತ್ತದೆಯೇ ನೋಡಿ.

ಮೂರನೆಯದು ನಿಜಕ್ಕೂ ಕಳವಳದ ಲಕ್ಷಣ: ಮುಳ್ಳು 5,100ಕ್ಕೆ ನಿಂತು ವೇಗ 62 ಮಾತ್ರ. ಇಲ್ಲಿಯೂ ಸ್ಲಿಪ್ ಶೇ 10, ಅಂದರೆ ಪ್ರಾಪ್ ತನ್ನ ಕೆಲಸ ಮಾಡುತ್ತಿದೆ, ಶಕ್ತಿಯೇ ಬರುತ್ತಿಲ್ಲ. ದುಬಾರಿ ಅನುಮಾನಗಳಿಗೆ ಹೋಗುವ ಮುನ್ನ ಅಗ್ಗದವನ್ನು ಮುಗಿಸಿ. ಕೀ ಬಂದ್ ಮಾಡಿ, ಒಬ್ಬರು ಲಿವರ್ ಪೂರ್ತಿ ಮುಂದೆ ತಳ್ಳಿದಾಗ ಕೇಬಲ್ ಇರುವ ಮೋಟಾರಿನಲ್ಲಿ ಥ್ರಾಟಲ್ ಕೊನೆಯವರೆಗೆ ತೆರೆಯುತ್ತದೆಯೇ ಪರೀಕ್ಷಿಸಿ. ನೀರು ಬೇರ್ಪಡಿಸುವ ಪೆಟ್ರೋಲ್ ಫಿಲ್ಟರ್ ಬದಲಿಸಿ. ಓಡುವಾಗ ಪ್ರೈಮರ್ ಬಲ್ಬ್ (ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಉಂಡೆ) ಚಪ್ಪಟೆಯಾಗುತ್ತಿದ್ದರೆ ಟ್ಯಾಂಕಿನ ಕಡೆಯಿಂದ ಪೆಟ್ರೋಲ್ ಬರಲು ತಡೆಯಿದೆ ಎಂದರ್ಥ. ಬ್ಯಾಟರಿ ವೋಲ್ಟೇಜ್ ಕುಸಿದರೆ ಅಥವಾ ಬಿಸಿಯಾದರೆ ಹೊಸ ಮೋಟಾರುಗಳು ತಮ್ಮನ್ನು ಕಾಪಾಡಿಕೊಳ್ಳಲು ತಾವೇ ಶಕ್ತಿ ಇಳಿಸುತ್ತವೆ, ಆದ್ದರಿಂದ ದಾಖಲಾದ ಎಚ್ಚರಿಕೆಗಳನ್ನು ಓದಿಸಿ. ಇಷ್ಟಾದ ಮೇಲೆ ಸ್ಪಾರ್ಕ್ ಪ್ಲಗ್, ಕಂಪ್ರೆಷನ್.

ಎತ್ತರ, ಟ್ರಿಮ್ ಮತ್ತು ಆ ತೂಗಾಟ

ವೇಗ ಏರಿದಾಗ ಈ ಬೋಟುಗಳು ತಳದ ನಡುವಿನ ಕಿರಿದಾದ ಚಪ್ಪಟೆ ಪಟ್ಟಿಯ ಮೇಲೆ ನಿಂತು ಓಡುತ್ತವೆ. ಇದಕ್ಕೆ ಪ್ಯಾಡ್ ಎನ್ನುತ್ತಾರೆ. ಪ್ರಾಪ್‌ನ ಅಕ್ಷದ ನಡುಬಿಂದು ಈ ಪ್ಯಾಡ್‌ಗಿಂತ ಎಷ್ಟು ಇಂಚು ಕೆಳಗಿದೆ ಎಂಬುದು ಮುಖ್ಯ ಅಳತೆ. ಮೂರೂವರೆ ಇಂಚಿನಿಂದ ಆರಂಭಿಸಿ, ಜ್ಯಾಕ್ ಪ್ಲೇಟ್‌ನಲ್ಲಿ (ಮೋಟಾರನ್ನು ಏರಿಸಿ ಇಳಿಸುವ ಆಸರೆ) ಕಾಲು ಇಂಚಿನಂತೆ ಏರಿಸುತ್ತ ಬನ್ನಿ. ಗೇರ್‌ಕೇಸ್ (ಮೋಟಾರಿನ ನೀರಿನೊಳಗಿನ ಕೆಳಭಾಗ) ನೀರಿನಿಂದ ಹೊರಬಂದಷ್ಟೂ ಎಳೆತ ಕಡಿಮೆ. ಆದರೆ ಪ್ರತಿ ಸಲವೂ ಮೋಟಾರನ್ನು ತಂಪಾಗಿಡುವ ನೀರಿನ ಒತ್ತಡದ ಮೀಟರ್ ನೋಡಿ. ಪೂರ್ತಿ ವೇಗದಲ್ಲಿ 15 ಪಿಎಸ್‌ಐಗಿಂತ ಕೆಳಗೆ ಬಂದರೆ ಅಥವಾ ತಿರುವಿನಲ್ಲಿ ಪ್ರಾಪ್ ಹಿಡಿತ ಬಿಟ್ಟರೆ ಕಾಲು ಇಂಚು ಇಳಿಸಿ ಅಲ್ಲೇ ನಿಲ್ಲಿಸಿ. ಒಂದು ಮೈಲಿಯ ಆಸೆಗೆ ಮೋಟಾರ್ ಸುಟ್ಟುಕೊಳ್ಳುವುದು ಹೀಗೇ.

65 ದಾಟಿದ ಮೇಲೆ ಬೋಟು ಎಡಕ್ಕೂ ಬಲಕ್ಕೂ ತೂಗಾಡತೊಡಗಿ, ಪ್ರತಿ ತೂಗಿಗೂ ಜೋರಾಗುತ್ತಿದ್ದರೆ ಅದು ಚೈನ್ ವಾಕ್. ಪ್ಯಾಡ್ ಮೇಲೆ ಸಮತೋಲ ತಪ್ಪಿದಾಗ ಹೀಗಾಗುತ್ತದೆ. ಥ್ರಾಟಲ್ ಒಮ್ಮೆಲೇ ಬಿಡಬೇಡಿ, ಮೆಲ್ಲಗೆ ತಗ್ಗಿಸಿ, ಟ್ರಿಮ್ ಸ್ವಲ್ಪ ಇಳಿಸಿ. ಸ್ಟೀರಿಂಗ್‌ನಲ್ಲಿ ಸಡಿಲವಿದ್ದರೆ, ಹೈಡ್ರಾಲಿಕ್ ಪೈಪಿನಲ್ಲಿ ಗಾಳಿ ಸೇರಿದ್ದರೆ, ಒಂದೇ ಮಗ್ಗುಲಿನ ಲಾಕರಿನಲ್ಲಿ ಭಾರ ತುಂಬಿದ್ದರೆ ಇದು ಬೇಗ ಶುರುವಾಗುತ್ತದೆ. ಅದು ಸರಿಯಾಗುವವರೆಗೆ ಇನ್ನಷ್ಟು ವೇಗದ ಯೋಚನೆಯೇ ಬೇಡ.

ಸರಿಯಾಗಿ ಅಳೆಯುವುದು

ಅರ್ಧ ಟ್ಯಾಂಕ್ ಪೆಟ್ರೋಲ್, ಖಾಲಿ ಲೈವ್‌ವೆಲ್, ಮೀನಿಗೆ ಹೋಗುವಾಗ ಇರುವಷ್ಟೇ ಸಾಮಾನು, ಇಬ್ಬರು. ಲೈಫ್ ಜಾಕೆಟ್ ತೊಟ್ಟು, ಕಿಲ್ ಸ್ವಿಚ್‌ನ (ಚಾಲಕ ಬಿದ್ದರೆ ಮೋಟಾರ್ ನಿಲ್ಲಿಸುವ ಸ್ವಿಚ್) ದಾರವನ್ನು ಮೈಗೆ ಸಿಕ್ಕಿಸಿಕೊಳ್ಳಿ. 26 ಅಡಿಗಿಂತ ಚಿಕ್ಕ ಬೋಟುಗಳಿಗೆ 2021ರ ಏಪ್ರಿಲ್ 1ರಿಂದ ಅಮೆರಿಕದ ಕೇಂದ್ರ ಕಾನೂನೇ ಈ ದಾರವನ್ನು ಕಡ್ಡಾಯ ಮಾಡಿದೆ. ಒಂದು ಮೈಲಿಯಾದರೂ ನೇರ, ಆಳ, ತೆರವಾದ ನೀರು ಬೇಕು, ಏಕೆಂದರೆ ಕೊನೆಯ ಎರಡು–ಮೂರು ಮೈಲಿ ವೇಗ ಬರುವುದು ಬಹಳ ನಿಧಾನ. ಥ್ರಾಟಲ್ ಪೂರ್ತಿ ಒತ್ತಿ, ಟ್ರಿಮ್ ಚೂರುಚೂರೇ ಏರಿಸಿ. ಆರ್‌ಪಿಎಂ ಏರುತ್ತಲೇ ಇದ್ದು ವೇಗ ನಿಂತುಬಿಟ್ಟ ಕ್ಷಣ ಟ್ರಿಮ್ ಅತಿಯಾಯಿತು ಎಂದು ತಿಳಿದು ಒಂದು ಚೂರು ಇಳಿಸಿ. ವೇಗ, ಆರ್‌ಪಿಎಂ, ಒತ್ತಡ, ಉಷ್ಣತೆ ನಾಲ್ಕನ್ನೂ ಬರೆದುಕೊಂಡು ಎದುರು ದಿಕ್ಕಿಗೂ ಹಾಗೇ ಓಡಿಸಿ. ಜಿಪಿಎಸ್ ತಾನೇ ಹಿಡಿದಿಟ್ಟ ಗರಿಷ್ಠ ಅಂಕಿಯನ್ನು ಬಿಡಿ, ಕೆಲವು ಸೆಕೆಂಡು ಸ್ಥಿರವಾಗಿ ನಿಂತ ಅಂಕಿಯೇ ಲೆಕ್ಕಕ್ಕೆ. ಡ್ಯಾಶ್‌ಬೋರ್ಡಿನಲ್ಲಿ ನೀರಿನ ಒತ್ತಡದಿಂದ ನಡೆಯುವ ಹಳೆಯ ಸ್ಪೀಡೋಮೀಟರ್ ಇದ್ದರೆ ಅದನ್ನು ನೋಡಲೇಬೇಡಿ.

ಈ ಭಾರದಲ್ಲಿ ನಿಮ್ಮ ಮುಳ್ಳು 5,600 ಅಥವಾ ಮೇಲಿದ್ದು ಸ್ಲಿಪ್ ಶೇ 10ರೊಳಗಿದ್ದರೆ ಏನನ್ನೂ ಬದಲಿಸಬೇಡಿ. 5,400ಕ್ಕಿಂತ ಕೆಳಗಿದ್ದು ಪೆಟ್ರೋಲ್, ಥ್ರಾಟಲ್ ಸರಿಯಿದ್ದರೆ 24 ಪಿಚ್‌ನ ಪ್ರಾಪ್ ಎರವಲು ತಂದು ಹಾಕಿ ನೋಡಿ. ಒಂದು ಇಂಚಿಗೆ 150–200 ಆರ್‌ಪಿಎಂ ಏರುತ್ತದೆ, ಭಾರ ಹೊತ್ತಾಗ ಬೋಟು ಬೇಗ ಮೇಲೇಳುತ್ತದೆ. ಯಮಹಾದ 250 ಎಸ್‌ಎಚ್‌ಓನಂಥ ಮೋಟಾರಿಗೆ ಥ್ರಾಟಲ್ ಪೂರ್ತಿ ಒತ್ತಿದಾಗ ಇರಬೇಕಾದ ಆರ್‌ಪಿಎಂ ವ್ಯಾಪ್ತಿ 5,000–6,000. ನಿಮ್ಮದರ ಕೈಪಿಡಿ ಹೇಳುವ ವ್ಯಾಪ್ತಿಯ ಮೇಲ್ಭಾಗದಲ್ಲಿ ಮುಳ್ಳು ನಿಲ್ಲಬೇಕು, ಆದರೆ ಚಳಿಗಾಲದಲ್ಲಿ ಒಬ್ಬರೇ ಹೋದಾಗ ಮಿತಿ ದಾಟಬಾರದು. ಅದಕ್ಕೇ 25 ಪಿಚ್‌ನದನ್ನು ಮಾರಿಬಿಡಬೇಡಿ, ನವೆಂಬರಿನಲ್ಲಿ ಮತ್ತೆ ಹಾಕಿಕೊಳ್ಳಬಹುದು.