ಓಗೊಡುವ ಕಿವಿ ಮನೆಯಲ್ಲಿ, ಅರಿಯುವ ಬುದ್ಧಿ ದೂರದಲ್ಲಿ: ಸ್ಮಾರ್ಟ್ ಸ್ಪೀಕರ್ ತಂತ್ರಾಂಶದ ಹಿನ್ನೆಲೆ

ಮುಂಬಯಿಯ ಮಳೆಗಾಲದಲ್ಲಿ ಡೊಂಬಿವಲಿಯ ನಮ್ಮ ಕಟ್ಟಡದ ಇಂಟರ್ನೆಟ್ ಎರಡು ಮೂರು ಸಲವಾದರೂ ಕೈಕೊಡುತ್ತದೆ. ಕಳೆದ ಜುಲೈನ ಅಂಥ ಒಂದು ಬೆಳಿಗ್ಗೆ ಅತ್ತೆ ಪೂಜೆಗೆ ಕುಳಿತು ಎಂದಿನಂತೆ ದಾಸರ ಪದ ಹಾಕಲು ಸ್ಪೀಕರಿಗೆ ಹೇಳಿದರು. ಅದರ ದೀಪ ಹೊತ್ತಿತು, ಸಂಪರ್ಕವಿಲ್ಲವೆಂಬ ಮಾತು ಬಂತು, ಮತ್ತೆ ಸದ್ದಿಲ್ಲ. "ಹೆಸರು ಹಿಡಿದು ಕರೆದರೆ ಓಗೊಡುತ್ತದೆ, ಹೇಳಿದ್ದು ಮಾತ್ರ ತಿಳಿಯುವುದಿಲ್ಲವಲ್ಲ, ಯಾಕೆ?" ಎಂದು ಅವರು ಕೇಳಿದರು. ಈ ಉಪಕರಣಗಳ ಆಪರೇಟಿಂಗ್ ಸಿಸ್ಟಂ, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಹತ್ತು ವರ್ಷಗಳಿಂದ ಬೆಳೆದು ಬಂದ ಬಗೆಯನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಸಿಕ್ಕಿಲ್ಲ.

ಕರೆಗೆ ಓಗೊಡುವುದು ಮತ್ತು ಮಾತನ್ನು ಅರಿಯುವುದು ಎರಡು ಬೇರೆ ಬೇರೆ ಕೆಲಸಗಳು. ಸ್ಪೀಕರಿನೊಳಗಿನ ಸಣ್ಣ ಕಾರ್ಯಕ್ರಮವೊಂದು (ಪ್ರೋಗ್ರಾಂ) ಮೈಕಿನಿಂದ ಬರುವ ಸದ್ದಿನ ಕೊನೆಯ ಕೆಲವು ಕ್ಷಣಗಳನ್ನಷ್ಟೇ ನೆನಪಿನಲ್ಲಿಟ್ಟುಕೊಂಡು, ತನಗೆ ಕಲಿಸಿದ ಒಂದೇ ಒಂದು ಹೆಸರಿಗಾಗಿ ಕಾಯುತ್ತಿರುತ್ತದೆ. ತಾನೇ ನುಡಿಸುತ್ತಿರುವ ಹಾಡಿನ ಸದ್ದನ್ನು ಕಳೆದು, ಯಾವ ದಿಕ್ಕಿನಿಂದ ದನಿ ಬಂತೆಂದು ಹಲವು ಮೈಕುಗಳ ನಡುವಿನ ಕಾಲವ್ಯತ್ಯಾಸದಿಂದ ಲೆಕ್ಕ ಹಾಕುವ ಕೆಲಸವೂ ಅಲ್ಲಿಯೇ ನಡೆಯುತ್ತದೆ. ಹೆಸರು ಕೇಳಿಸಿದ ಮೇಲೆ ಮುಂದಿನ ಮಾತೆಲ್ಲ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿ ಅಕ್ಷರಕ್ಕಿಳಿದು, ಅರ್ಥ ಪಡೆದು, ಉತ್ತರವಾಗಿ ಮರಳುತ್ತದೆ. ನಮ್ಮ ಮನೆಯಲ್ಲಿ ಆ ಬೆಳಿಗ್ಗೆ ಮೊದಲ ಅರ್ಧವಷ್ಟೇ ನಡೆದಿತ್ತು.

ಈ ಹಂಚಿಕೆ 2014ರ ನವೆಂಬರಿನಲ್ಲಿ ಅಮೆಜಾನ್ ತನ್ನ ಎಕೋ ಸ್ಪೀಕರನ್ನು ಅಮೆರಿಕದಲ್ಲಿ ಆಹ್ವಾನಿತರಿಗೆ ಮಾರಲು ತೊಡಗಿದಾಗಲೇ ಗಟ್ಟಿಯಾಯಿತು. ಏಳು ಮೈಕುಗಳಿದ್ದ ಆ ಕೊಳವೆಯೊಳಗೆ ಇದ್ದದ್ದು 256 ಎಂಬಿ ಮೆಮೊರಿ. ಸಹಜ ಭಾಷೆಯನ್ನು ಅರಿಯುವ ತಂತ್ರಾಂಶ ಅದರಲ್ಲಿ ಹಿಡಿಸುವಂತಿರಲಿಲ್ಲ. ಕಂಪನಿ ಹೊಸ ಆಪರೇಟಿಂಗ್ ಸಿಸ್ಟಂ ಬರೆಯಲು ಕೂರಲಿಲ್ಲ. ಕಿಂಡಲ್ ಫೈರ್ ಟ್ಯಾಬ್ಲೆಟ್ಟಿಗಾಗಿ 2011ರಿಂದಲೇ ಆಂಡ್ರಾಯ್ಡ್‌ನ ಮುಕ್ತ ಆಕರ ಸಂಕೇತವನ್ನು (ಸೋರ್ಸ್ ಕೋಡ್) ಕವಲೊಡೆಸಿ ಕಟ್ಟಿಕೊಂಡಿದ್ದ ಫೈರ್ ಓಎಸ್ ಅದರ ಕೈಯಲ್ಲಿತ್ತು, ಎಕೋ ಬಳಗ ಬೆಳೆದದ್ದು ಅದರ ಆಸರೆಯಲ್ಲಿ. ಬೆರಳಿನಿಂದ ಮುಟ್ಟುವ ಪರದೆಗೆಂದು ಹುಟ್ಟಿದ ವ್ಯವಸ್ಥೆ ಪರದೆಯೇ ಇಲ್ಲದ ಡಬ್ಬಿಯಲ್ಲಿ ಸಂಸಾರ ಹೂಡಿತು.

ಗೂಗಲ್ ಹಿಡಿದದ್ದೂ ಇಂಥದೇ ದಾರಿ, ಆದರೆ ಅದರ ಎರವಲು ಟಿವಿಯ ಕಡೆಯಿಂದ ಬಂತು. 2016ರ ನವೆಂಬರಿನಲ್ಲಿ ಬಂದ ಗೂಗಲ್ ಹೋಮ್‌ನ ಒಳಗಿದ್ದದ್ದು ಟಿವಿಗೆ ಜೋಡಿಸುವ ಪುಟ್ಟ ಸಾಧನವಾದ ಕ್ರೋಮ್‌ಕಾಸ್ಟ್‌ನ ತಂತ್ರಾಂಶ, ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಆಧಾರಿತವಾದದ್ದು. ಆಪಲ್‌ನ ಹೋಮ್‌ಪಾಡ್ 2018ರ ಫೆಬ್ರವರಿಯಲ್ಲಿ ಮಾರುಕಟ್ಟೆಗೆ ಬಂದಾಗ ಐಫೋನಿನ ಐಓಎಸ್‌ನ ರೂಪಾಂತರವನ್ನೇ ಹೊತ್ತಿತ್ತು. ಅದಕ್ಕೂ ಮೊದಲು, 2017ರಲ್ಲಿ, ಅದರ ತಂತ್ರಾಂಶ ಅವಧಿಗೆ ಮುನ್ನ ಹೊರಬಿದ್ದು, ಅದನ್ನು ಬಗೆದು ನೋಡಿದ ತಂತ್ರಜ್ಞರಿಗೆ ಮುಂಬರುವ ಐಫೋನಿನ ಆಕಾರವೇ ಸಿಕ್ಕಿಬಿಟ್ಟಿತ್ತು: ಸ್ಪೀಕರಿನೊಳಗೆ ಫೋನಿನ ವ್ಯವಸ್ಥೆ ಎಷ್ಟು ಇಡಿಯಾಗಿ ಕುಳಿತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. 2020ರಲ್ಲಿ ಹೋಮ್‌ಪಾಡನ್ನು ಆಪಲ್ ಟಿವಿಯ ಟಿವಿಓಎಸ್ ಬುನಾದಿಗೆ ಬದಲಾಯಿಸಲಾಯಿತು.

ಎರವಲು ತಂದ ಮನೆಯಲ್ಲಿ ಬೇಡದ ಕೋಣೆಗಳೂ ಇರುತ್ತವೆ. ಫೋನಿಗಾಗಿ ಬರೆದ ಸಾವಿರಾರು ಭಾಗಗಳು ಮೆಮೊರಿಯನ್ನು ತಿನ್ನುತ್ತವೆ, ಪ್ರತಿಯೊಂದೂ ಭದ್ರತೆಯ ದೃಷ್ಟಿಯಿಂದ ಒಂದು ಕಿಟಕಿಯಾಗುತ್ತದೆ. ಈ ಕಾರಣಕ್ಕೆ ಗೂಗಲ್ ಮಾಡಿದ ಪ್ರಯತ್ನ ನನ್ನ ಮಟ್ಟಿಗೆ ಈ ಇತಿಹಾಸದ ಅತ್ಯಂತ ಧೈರ್ಯದ ಅಧ್ಯಾಯ. 2016ರಲ್ಲಿ ಫ್ಯೂಷಾ ಎಂಬ ಹೊಸ ಆಪರೇಟಿಂಗ್ ಸಿಸ್ಟಂನ ಆಕರ ಸಂಕೇತ ಯಾವ ಘೋಷಣೆಯೂ ಇಲ್ಲದೆ ಸಾರ್ವಜನಿಕವಾಗಿ ಕಾಣಿಸಿಕೊಂಡಿತು. ಅದು ಲಿನಕ್ಸ್ ಅಲ್ಲ. ಲಿನಕ್ಸ್‌ನ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು, ಯಂತ್ರದ ಬಿಡಿಭಾಗಗಳನ್ನು ನಡೆಸುವ ಡ್ರೈವರುಗಳನ್ನೂ ಕಡತ ವ್ಯವಸ್ಥೆಯನ್ನೂ ಜಾಲವ್ಯವಹಾರವನ್ನೂ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡರೆ, ಫ್ಯೂಷಾದ ಜಿರ್ಕಾನ್ ಎಂಬ ಪುಟ್ಟ ಕರ್ನಲ್ ಅವನ್ನೆಲ್ಲ ಹೊರಗಿನ ಪ್ರತ್ಯೇಕ ಕಾರ್ಯಕ್ರಮಗಳಾಗಿ ನಡೆಸುತ್ತದೆ. ಪ್ರತಿ ಕಾರ್ಯಕ್ರಮಕ್ಕೂ ಕೊಟ್ಟಷ್ಟೇ ಅಧಿಕಾರ, ಆದ್ದರಿಂದ ಒಂದು ಡ್ರೈವರ್ ಕೆಟ್ಟರೂ ಇಡೀ ಯಂತ್ರ ಅದರ ಜೊತೆ ಕುಸಿಯಬೇಕಿಲ್ಲ. 2018ರಲ್ಲಿ ಮಾರಾಟವಾದ ಮೊದಲ ತಲೆಮಾರಿನ ನೆಸ್ಟ್ ಹಬ್‌ಗಳಿಗೆ, ಅಂದರೆ ಪರದೆಯಿರುವ ಸ್ಪೀಕರುಗಳಿಗೆ, 2021ರ ಮೇ ತಿಂಗಳಿನಿಂದ ಹಂತಹಂತವಾಗಿ ಇದನ್ನು ತುಂಬಲಾಯಿತು. ಕಣ್ಣಿಗೆ ಕಾಣುವ ಮುಖವನ್ನು ಹಾಗೆಯೇ ಉಳಿಸಿ ಕೆಳಗಿನ ಕರ್ನಲನ್ನೇ ಬದಲಿಸಿದ್ದರಿಂದ ಬಳಸುವವರಿಗೆ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಜನ ವಾಸವಿರುವಾಗಲೇ ಕಟ್ಟಡದ ಅಡಿಪಾಯ ಬದಲಿಸಿದಂಥ ಈ ಕೆಲಸದ ಹಿಂದಿನ ಎಂಜಿನಿಯರುಗಳ ಬಗ್ಗೆ ನನಗೆ ನಿಜವಾದ ಗೌರವವಿದೆ.

ಅಮೆಜಾನ್ ಕೂಡ ಆಂಡ್ರಾಯ್ಡ್‌ನ ಹೊರೆಯನ್ನು ಇಳಿಸಲು ವೇಗಾ ಎಂಬ ಲಿನಕ್ಸ್ ಆಧಾರಿತ ಸ್ವಂತ ವ್ಯವಸ್ಥೆಯನ್ನು ಕಟ್ಟಿ, ಎಕೋ ಶೋ 5 ಮುಂತಾದ ಕೆಲವು ಉಪಕರಣಗಳಲ್ಲಿ ಸದ್ದಿಲ್ಲದೆ ಬಳಸಿತು. 2025ರಲ್ಲಿ ಅದೇ ವ್ಯವಸ್ಥೆಯ ಫೈರ್ ಟಿವಿ ಸ್ಟಿಕ್ ಬಂತು.

ಹೀಗೆ ವ್ಯವಸ್ಥೆಗಳು ಹಗುರವಾದವು, ಭದ್ರವೂ ಆದವು. ಆದರೆ ಅರಿಯುವ ಬುದ್ಧಿ ಇನ್ನೂ ದೂರದಲ್ಲೇ ಉಳಿದಿದೆ, ಮತ್ತು ಅದರ ಪರಿಣಾಮ ನೆಟ್ ಹೋದಾಗಿನ ಮೌನಕ್ಕಿಂತ ದೊಡ್ಡದು. 2017ರಲ್ಲಿ ಮೈಕ್ರೋಸಾಫ್ಟ್‌ನ ಕೊರ್ಟಾನಾ ಸಹಾಯಕಿಯೊಂದಿಗೆ ಬಂದ ಹರ್ಮನ್ ಕಾರ್ಡನ್ ಇನ್ವೋಕ್ ಸ್ಪೀಕರನ್ನು ನೋಡಿ. ಆ ಸೇವೆಯನ್ನು 2021ರಲ್ಲಿ ಹಿಂತೆಗೆದುಕೊಂಡಾಗ ಒಂದು ಅಪ್‌ಡೇಟ್ ಅದನ್ನು ಸಾದಾ ಬ್ಲೂಟೂತ್ ಸ್ಪೀಕರಾಗಿ ಮಾಡಿತು. ಹಣ ಕೊಟ್ಟು ಕೊಂಡ ಯಂತ್ರಾಂಶದ ಒಂದು ತಿರುಪೂ ಸವೆದಿರಲಿಲ್ಲ. 2025ರ ಮಾರ್ಚಿನಲ್ಲಿ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್ ಮತ್ತು ಕ್ರೋಮ್‌ಕಾಸ್ಟ್ ಆಡಿಯೋಗಳು ಲೋಕದಾದ್ಯಂತ ಒಮ್ಮೆಲೇ ಕೆಲಸ ನಿಲ್ಲಿಸಿದವು. ಅವು ಅಸಲಿ ಉಪಕರಣಗಳೆಂದು ಸಾಬೀತುಪಡಿಸುವ ಡಿಜಿಟಲ್ ಪ್ರಮಾಣಪತ್ರದ ಹತ್ತು ವರ್ಷಗಳ ಅವಧಿ ಮುಗಿದಿತ್ತು, ಅಷ್ಟೇ. ಕೆಲವು ದಿನಗಳಲ್ಲಿ ಪರಿಹಾರ ಬಂತಾದರೂ, ಮನೆಯಲ್ಲಿರುವ ಯಂತ್ರದ ಆಯುಸ್ಸನ್ನು ಎಲ್ಲಿ ಬರೆಯಲಾಗಿದೆಯೆಂದು ಆ ವಾರ ಹಲವರಿಗೆ ಮೊದಲ ಬಾರಿಗೆ ಗೊತ್ತಾಯಿತು.

ಬುದ್ಧಿಯನ್ನು ಮನೆಗೆ ತರುವ ಯತ್ನಗಳೂ ನಡೆದಿವೆ. 2020ರಲ್ಲಿ ಅಮೆಜಾನ್ ಎಝೆಡ್1 ಎಂಬ ಚಿಪ್ ತಂದು ಮಾತನ್ನು ಸ್ಪೀಕರಿನಲ್ಲೇ ಅಕ್ಷರಕ್ಕಿಳಿಸುವ ದಾರಿ ತೆರೆಯಿತು. ಕೆಲವು ಮಾದರಿಗಳಲ್ಲಿ ಧ್ವನಿಮುದ್ರಿಕೆಯನ್ನು ಹೊರಗೆ ಕಳುಹಿಸದಿರುವ ಆಯ್ಕೆಯೂ ಅಮೆರಿಕದಲ್ಲಿ ಸಿಕ್ಕಿತ್ತು. 2025ರ ಮಾರ್ಚ್ 28ರಂದು ಆ ಆಯ್ಕೆಯನ್ನು ತೆಗೆದುಹಾಕಲಾಯಿತು. ಬೃಹತ್ ಭಾಷಾ ಮಾದರಿಗಳನ್ನು ಬಳಸುವ ಹೊಸ ಸಹಾಯಕಗಳು ದೂರದ ಸರ್ವರಿನ ಬಲವಿಲ್ಲದೆ ನಡೆಯಲಾರವು ಎಂಬುದು ಅದರ ಹಿಂದಿನ ತರ್ಕ. ತಾಂತ್ರಿಕವಾಗಿ ತರ್ಕದಲ್ಲಿ ಹುರುಳಿದೆ, ಆದರೂ ಇದ್ದ ಆಯ್ಕೆಯನ್ನು ಕಸಿದುಕೊಂಡದ್ದು ಸರಿಯೆಂದು ನನಗನ್ನಿಸುವುದಿಲ್ಲ.

ಮುಕ್ತ ತಂತ್ರಾಂಶದ ಹಾದಿ ಇನ್ನೂ ಕಲ್ಲುಮುಳ್ಳಿನದು. 2015ರಲ್ಲಿ ಜನರ ವಂತಿಗೆಯಿಂದ ಹುಟ್ಟಿದ ಮೈಕ್ರಾಫ್ಟ್ ಎಂಬ ಮುಕ್ತ ಧ್ವನಿ ಸಹಾಯಕ ಪೇಟೆಂಟ್ ವ್ಯಾಜ್ಯದ ಖರ್ಚಿನಲ್ಲಿ ಬಸವಳಿದು 2023ರಲ್ಲಿ ಕೈಚೆಲ್ಲಿತು, ಅದರ ಸಂಕೇತವನ್ನು ಸ್ವಯಂಸೇವಕರು ಮುಂದುವರಿಸಿದ್ದಾರೆ. ಮನೆಯ ಉಪಕರಣಗಳನ್ನು ನಿಯಂತ್ರಿಸುವ ಮುಕ್ತ ತಂತ್ರಾಂಶವಾದ ಹೋಮ್ ಅಸಿಸ್ಟೆಂಟ್ ಯೋಜನೆ 2024ರ ಡಿಸೆಂಬರಿನಲ್ಲಿ ತಂದ ಧ್ವನಿ ಉಪಕರಣದಲ್ಲಿ ಲಿನಕ್ಸ್ ಕೂಡ ಇಲ್ಲ. ಅಗ್ಗದ ಇಎಸ್‌ಪಿ32 ಚಿಪ್ಪಿನ ಮೇಲೆ ನಡೆಯುವ ಪುಟ್ಟ ಫರ್ಮ್‌ವೇರ್ (ಉಪಕರಣದಲ್ಲೇ ಅಚ್ಚಾದ ತಂತ್ರಾಂಶ) ಕರೆಯುವ ಹೆಸರನ್ನು ಕೇಳಿಸಿಕೊಂಡು, ಮುಂದಿನ ಮಾತನ್ನು ಅದೇ ಮನೆಯ ಇನ್ನೊಂದು ಕಂಪ್ಯೂಟರಿಗೆ ಒಪ್ಪಿಸಬಲ್ಲದು.

ಹೊರನಾಡಿನ ಕನ್ನಡಿಗರಿಗೆ ಇದು ಬರೀ ತಾಂತ್ರಿಕ ವಿಚಾರವಲ್ಲ. ಎಕೋ 2017ರಲ್ಲಿ, ಗೂಗಲ್ ಹೋಮ್ 2018ರಲ್ಲಿ ಭಾರತಕ್ಕೆ ಬಂದವು. 2019ರ ಹೊತ್ತಿಗೆ ಎರಡೂ ಹಿಂದಿ ಕಲಿತಿದ್ದವು. ಅತ್ತೆ ಐವತ್ತು ವರ್ಷ ಮುಂಬಯಿಯಲ್ಲಿದ್ದು ಮಾರುಕಟ್ಟೆಯಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ ಆಡಿದರೂ ಮನೆಯೊಳಗೆ ಕನ್ನಡವನ್ನೇ ಆಡಿದವರು. ಈಗ ದೇವರ ಕೋಣೆಯಲ್ಲಿ ಒಂದು ಡಬ್ಬಿಗಾಗಿ ಹಿಂದಿ ಆಡುತ್ತಾರೆ. ಬುದ್ಧಿ ದೂರದಲ್ಲಿರುವ ತನಕ ಯಾವ ಭಾಷೆ ಕಲಿಯಬೇಕೆಂಬ ತೀರ್ಮಾನವೂ ದೂರದಲ್ಲೇ ಆಗುತ್ತದೆ. ಮಾತನ್ನು ಅಕ್ಷರಕ್ಕಿಳಿಸುವ, ಮನೆಯಲ್ಲೇ ನಡೆಸಬಹುದಾದ ವಿಸ್ಪರ್ ಎಂಬ ಮುಕ್ತ ಮಾದರಿ 2022ರಲ್ಲಿ ಬಂದಾಗ ಅದರ ಪಟ್ಟಿಯಲ್ಲಿ ಕನ್ನಡವೂ ಇತ್ತು. ಅದರ ಚಿಕ್ಕ ರೂಪಗಳು ಕನ್ನಡದಲ್ಲಿ ಬಹಳ ತಪ್ಪುತ್ತವೆ, ದೊಡ್ಡ ರೂಪಕ್ಕೆ ಬಲವಾದ ಕಂಪ್ಯೂಟರ್ ಬೇಕು. ಮದ್ರಾಸ್ ಐಐಟಿಯ ಎಐ4ಭಾರತ್ ಎಂಬ ಸಂಶೋಧನಾ ತಂಡ ನಮ್ಮ 22 ಭಾಷೆಗಳ ಮಾತಿನ ಮಾದರಿಗಳನ್ನು ಸಂಗ್ರಹಿಸುತ್ತಿರುವುದರಿಂದ ಈ ಅಂತರ ಕಿರಿದಾಗುವ ಭರವಸೆ ನನಗಿದೆ.

ಅಕ್ಷರಕ್ಕಿಳಿದ ಮಾತಿಗೆ ಅರ್ಥ ಹಚ್ಚುವ ಕೆಲಸ ಆಮೇಲೂ ಉಳಿಯುತ್ತದೆ. ಹೋಮ್ ಅಸಿಸ್ಟೆಂಟ್‌ನಲ್ಲಿ ಆಯಾ ಭಾಷೆ ಆಡುವವರೇ ವಾಕ್ಯಗಳನ್ನು ಬರೆದುಕೊಡುತ್ತಾರೆ, ಮನೆಯವರು ತಮ್ಮದೇ ಸಾಲುಗಳನ್ನೂ ಸೇರಿಸಬಹುದು. ನಾವು ಹಳೆಯ ಕಂಪ್ಯೂಟರೊಂದರಲ್ಲಿ ಅದನ್ನು ಕೂರಿಸಿ, ಫ್ಯಾನಿಗೆ "ನಿಲ್ಲಿಸು", "ಆಫ್ ಮಾಡು", "ಬಂದ್ ಮಾಡು" ಎಂಬ ಮೂರನ್ನೂ ಸೇರಿಸಿದೆವು. ಅತ್ತೆ ದೀಪವನ್ನು ಆರಿಸು ಎನ್ನುವವರಲ್ಲ, ಅದು ಅಶುಭ. "ದೀಪ ದೊಡ್ಡದು ಮಾಡು" ಎನ್ನುತ್ತಾರೆ. ಹಾಗೆಂದರೆ ಬೆಳಕು ಹೆಚ್ಚಿಸಬೇಕೆಂದು ಯಂತ್ರ ತಿಳಿಯುವುದು ಸಹಜ. ನಮ್ಮ ಪಟ್ಟಿಯಲ್ಲಿ ಆ ಸಾಲನ್ನು ನಡುಮನೆಯ ದೀಪ ಆರಿಸುವ ಆಜ್ಞೆಯ ಎದುರಿಗೆ ಬರೆದಿದ್ದೇನೆ.