ಶೇರ್: ಹಂಚುವುದೋ, ಹಂಚಿಕೊಳ್ಳುವುದೋ?

ಸಂಘವೊಂದರ ವಾಟ್ಸಾಪ್ ಗುಂಪಿನಲ್ಲಿ ಕಾರ್ಯದರ್ಶಿಗಳು ಬರೆದರು: "ಸದಸ್ಯರ ಪಟ್ಟಿ ಶೇರ್ ಮಾಡಿದ್ದೇನೆ, ತಿದ್ದಿ ಕಳಿಸಿ." ಜೊತೆಗೊಂದು ಎಕ್ಸೆಲ್ ಫೈಲ್. ಸಂಜೆ ಹೊತ್ತಿಗೆ ಆರು ಜನ ಆರು ಪಟ್ಟಿ ವಾಪಸ್ ಕಳಿಸಿದ್ದರು. ತೀರಿಕೊಂಡವರ ಹೆಸರು ಒಂದರಲ್ಲಿ ತೆಗೆದಿದೆ, ಇನ್ನೊಂದರಲ್ಲಿ ಹಾಗೇ ಇದೆ. ಖಜಾಂಚಿಗಳು ಕೂತು ತಿದ್ದಿದ ಫೋನ್ ನಂಬರುಗಳು ಅವರ ಫೈಲ್ ಬಿಟ್ಟು ಬೇರೆಲ್ಲೂ ಇಲ್ಲ. ಇದನ್ನು ಎಷ್ಟು ಸಲ ನೋಡಬೇಕು? ಕಾರ್ಯದರ್ಶಿಗಳು ಮಾಡಿದ್ದು ಶೇರ್ ಅಲ್ಲ, ರವಾನೆ.

ಹಾಗಂತ ಅವರನ್ನು ದೂರುವಂತಿಲ್ಲ. ಶೇರ್ ಪದದ ಬುಡದಲ್ಲೇ ಕತ್ತರಿ ಇದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಕತ್ತರಿಸುವುದು, ಪಾಲು ಮಾಡುವುದು ಎಂಬ ಅರ್ಥ. ಕುರಿಯ ಉಣ್ಣೆ ಕತ್ತರಿಸುವುದಕ್ಕೆ ಹೇಳುವ ಶಿಯರ್ ಇದರ ನಂಟ. ನೇಗಿಲ ಗುಳಕ್ಕೂ ಶೇರ್ ಎನ್ನುತ್ತಾರೆ, ಅದು ಮಣ್ಣನ್ನು ಸೀಳುತ್ತದಲ್ಲ, ಅದಕ್ಕೆ. ಕತ್ತರಿಸಿದ ತುಂಡು ನಿಮ್ಮ ಪಾಲು. ಸೊಸೈಟಿಯ ಷೇರು ಈ ದಾರಿಯಲ್ಲಿ ಬಂದದ್ದು. ಆದರೆ ಶೇರ್ ಆಟೋ ಇದೆಯಲ್ಲ, ಅದರ ಲೆಕ್ಕವೇ ಬೇರೆ. ಅಲ್ಲಿ ಯಾರೂ ಆಟೋದ ತುಂಡು ಮನೆಗೆ ಒಯ್ಯುವುದಿಲ್ಲ. ಗಾಡಿ ಒಂದೇ, ಕೂರುವವರು ಹಲವರು.

ಈ ಎರಡನ್ನೂ ಇಂಗ್ಲಿಷ್ ಒಂದೇ ಪದದಲ್ಲಿ ತುರುಕಿದೆ. ಕನ್ನಡದಲ್ಲಿ ಎರಡು ಮಾತಿದೆ, ನಾವೇ ಬಳಸುವುದಿಲ್ಲ. ಕರಪತ್ರ ಹಂಚುತ್ತೇವೆ, ಪ್ರಸಾದ ಹಂಚುತ್ತೇವೆ. ಕೈ ಬಿಟ್ಟ ಮೇಲೆ ಅದು ತಗೊಂಡವರದ್ದು. ಆದರೆ ಕೋಣೆಯನ್ನು ಹಂಚಿಕೊಳ್ಳುತ್ತೇವೆ, ಕಷ್ಟಸುಖ ಹಂಚಿಕೊಳ್ಳುತ್ತೇವೆ. 'ಕೊಳ್ಳು' ಸೇರಿದ ಕೂಡಲೇ ಕೊಡುವವರೂ ಒಳಗೇ ಉಳಿಯುತ್ತಾರೆ. ಪಾಲಿಗೂ ಹೀಗೇ ಆಗಿದೆ. ಪಾಲು ಅಂದರೆ ತುಂಡು, ಅದಕ್ಕೆ ಕೊಳ್ಳು ಸೇರಿದರೆ ಪಾಲ್ಗೊಳ್ಳು! ಎಂಥ ಚೆಂದದ ಪದ.

ವಾಟ್ಸಾಪಿನಲ್ಲಿ ಫೈಲ್ ಕಳಿಸಿದರೆ ಅದು ಹಂಚುವುದು. ಪ್ರತಿಯೊಬ್ಬರ ಫೋನಿಗೂ ಬೇರೆ ಬೇರೆ ಪ್ರತಿ ಹೋಗುತ್ತದೆ. ಇಂಟರ್ನೆಟ್ಟಿನಲ್ಲೇ ಬರಹ, ಪಟ್ಟಿ ಮಾಡಿಡುವ ಗೂಗಲ್ ಡಾಕ್ಸ್ ಅಥವಾ ಶೀಟ್ಸ್‌ನ ಶೇರ್ ಬಟನ್ ಒತ್ತಿದರೆ ಅದು ಹಂಚಿಕೊಳ್ಳುವುದು. ಫೈಲ್ ಇದ್ದಲ್ಲೇ ಇರುತ್ತದೆ, ಲಿಂಕ್ ಹಿಡಿದು ಜನ ಅಲ್ಲಿಗೆ ಬರುತ್ತಾರೆ. ಒಂದೇ ಹೊತ್ತಿಗೆ 100 ಜನರವರೆಗೆ ಅದರಲ್ಲಿ ಕೆಲಸ ಮಾಡಬಹುದು.

ಇದನ್ನು ಸಂಘದ ಹಿರಿಯರಿಗೆ ಹೇಳಿಕೊಡುವಾಗ ಕ್ಲೌಡ್, ಸಿಂಕ್, ಕೊಲಾಬರೇಶನ್ ಅಂತ ಶುರು ಮಾಡುತ್ತಾರೆ ನೋಡಿ, ನನಗೆ ಬೇಸರವಾಗುವುದೇ ಅಲ್ಲಿ. ಅಷ್ಟೆಲ್ಲ ಯಾಕೆ? ಅವರ ಮೇಜಿನ ಮೇಲೆ ನಡಾವಳಿ ಪುಸ್ತಕ ಇದೆ ಅಲ್ವಾ? ಅದು ಒಂದೇ ಇರುತ್ತದೆ, ಎಲ್ಲರೂ ಅಲ್ಲಿಗೇ ಬಂದು ಓದುತ್ತಾರೆ, ಅದರಲ್ಲೇ ಸಹಿ ಹಾಕುತ್ತಾರೆ. ಎಷ್ಟೋ ವರ್ಷದಿಂದ ಆ ಪುಸ್ತಕ ಕಾಪಾಡಿಕೊಂಡು ಬಂದ ಅಧ್ಯಕ್ಷರಿಗೆ "ಸರ್, ಇದು ಮನೆಯಿಂದಲೇ ತೆರೆಯಬಹುದಾದ ನಡಾವಳಿ ಪುಸ್ತಕ" ಅಂದರೆ ಸಾಕು, ಅರ್ಥವಾಗುತ್ತದೆ. ಆ ಪುಸ್ತಕದ ಜೆರಾಕ್ಸ್ ಮಾಡಿ ಆರು ಜನಕ್ಕೆ ಕೊಟ್ಟು ಆರರಲ್ಲೂ ಬರೆಯಿರಿ ಅಂದರೆ ಅವರೇ ಒಪ್ಪುವುದಿಲ್ಲ.

ಅನುಮತಿಯ ವಿಷಯ ಮಾತ್ರ ಮೊದಲೇ ಹೇಳಿ. ನೋಡುವವರು, ಕಾಮೆಂಟ್ ಹಾಕುವವರು, ತಿದ್ದುವವರು ಅಂತ ಮೂರು ದರ್ಜೆ ಇವೆ. ಫೋನ್ ನಂಬರು, ಬ್ಯಾಂಕ್ ಖಾತೆ ಇರುವ ಪಟ್ಟಿಯನ್ನು 'ಲಿಂಕ್ ಇದ್ದವರೆಲ್ಲ ನೋಡಬಹುದು' ಎಂದು ಬಿಡಲೇಬೇಡಿ, ಆ ಲಿಂಕ್ ಎಲ್ಲಿಗೆ ಬೇಕಾದರೂ ಫಾರ್ವರ್ಡ್ ಆಗುತ್ತದೆ. ಬೇಕಾದವರ ಈಮೇಲ್ ವಿಳಾಸ ಮಾತ್ರ ಸೇರಿಸಿ.

ಇಷ್ಟಾದರೂ ಹಿರಿಯರು ಹಿಂಜರಿಯುತ್ತಾರೆ. ಅವರ ಭಯ ಒಂದೇ, "ನಾನು ಮುಟ್ಟಿದರೆ ಹಾಳಾದೀತು." ಸುಮ್ನೆ ಧೈರ್ಯ ಹೇಳಿ ಪ್ರಯೋಜನವಿಲ್ಲ. ಮೊದಲ ದಿನವೇ ಒಂದು ಖಾಲಿ ಡಾಕ್ಯುಮೆಂಟಿನಲ್ಲಿ ನಾಲ್ಕು ಸಾಲು ಬರೆಸಿ, ಅವರ ಕೈಯಲ್ಲೇ ಅಷ್ಟೂ ಅಳಿಸಿಸಿ. ಆಮೇಲೆ ಫೈಲ್ ಮೆನುವಿನ ವರ್ಷನ್ ಹಿಸ್ಟರಿ, ಅಂದರೆ ಹಳೆಯ ರೂಪಗಳ ಪಟ್ಟಿ ತೆರೆದು, ಹಳೆಯದನ್ನು ವಾಪಸ್ ತರುವ ಬಟನನ್ನೂ ಅವರಿಂದಲೇ ಒತ್ತಿಸಿ. ಹಾಗೆ ಮಾಡಿದ ಒಬ್ಬ ಅಧ್ಯಕ್ಷರು ಅವತ್ತೇ ರಾತ್ರಿ ಸಭೆಯ ವಿಷಯಪಟ್ಟಿಗೆ ತಾವೇ ಮೂರು ಸಾಲು ಸೇರಿಸಿದ್ದರು.