ಹನ್ನೊಂದನೇ ವಚನಕ್ಕೆ ಮೊದಲು ಹತ್ತನೇದು ಓದಿ

ನಮ್ಮ ಚರ್ಚಿನ ಸಭೆಯ ಹುಡುಗ ಹುಡುಗಿಯರ ಜೊತೆ ಆಪ್ತಸಮಾಲೋಚನೆ ಮಾಡುವುದು ನನ್ನ ಕೆಲಸ. ಕೆಲಸ ಸಿಗುತ್ತೋ ಇಲ್ವೋ, ಮದುವೆ ಆಗುತ್ತೋ ಇಲ್ವೋ, ಮನೆ ಸಾಲ ತೀರುತ್ತೋ ಇಲ್ವೋ, ಹೀಗೆ ಭಯ ಒಬ್ಬೊಬ್ಬರದು ಒಂದೊಂದು. ಮೊಬೈಲ್ ವಾಲ್‌ಪೇಪರ್ ಮಾತ್ರ ಎಲ್ಲರದೂ ಒಂದೇ: ಬೈಬಲಿನ ಯೆರೆಮೀಯ ಪುಸ್ತಕದ 29ನೇ ಅಧ್ಯಾಯ, 11ನೇ ವಚನ. ನಿಮ್ಮ ವಿಷಯದಲ್ಲಿ ನನಗಿರುವುದು ಹಿತದ ಯೋಚನೆ ಎಂದು ದೇವರು ಹೇಳುವ ಮಾತು. ಒಳ್ಳೆಯ ಮಾತೇ. ಅದನ್ನು ಅಡ್ಮಿಶನ್ ಗ್ಯಾರಂಟಿ ಮಾಡಿಕೊಂಡು ಕೂತವರನ್ನು ನೋಡಿದಾಗ ನನಗೆ ತಲೆ ಬಿಸಿಯಾಗುತ್ತದೆ.

ಅದೊಂದು ಪತ್ರದ ಸಾಲು. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಒಯ್ದ ಜನರಿಗೆ ಪ್ರವಾದಿ ಯೆರೆಮೀಯ ಬರೆದದ್ದು. ಆಗ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಇದ್ದ. ಎರಡೇ ವರ್ಷ, ಎಲ್ಲರೂ ವಾಪಸ್ ಬರ್ತಾರೆ ಅಂತ ಸಾರಿದ್ದ. ಅದು ಸುಳ್ಳು ಎಂದ ಯೆರೆಮೀಯ. ಅವನ ಪತ್ರದ ಹತ್ತನೇ ವಚನ ಓದಿ: 70 ವರ್ಷ. ಆಗ 20 ವರ್ಷದವನಾಗಿದ್ದ ಹುಡುಗ ಲೆಕ್ಕ ಹಾಕಿದರೆ 90 ಆಗುತ್ತದೆ. ತಾನು ಊರಿಗೆ ಮರಳುವುದಿಲ್ಲ ಅಂತ ಅವನಿಗೆ ಗೊತ್ತಾಗಿರಲೇಬೇಕು. ಅಂಥವನಿಗೂ ಸೇರಿಸಿ ಹೇಳಿದ ಮಾತು ಹನ್ನೊಂದನೇ ವಚನ. ಇನ್ನೂ ಮೇಲೆ ಹೋದರೆ ಐದನೇದು, ಆರನೇದು ಇವೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಹಣ್ಣು ತಿನ್ನಿ, ಮದುವೆಯಾಗಿ. ಇಷ್ಟವಿಲ್ಲದ ಊರಲ್ಲೇ!

ನಮ್ಮ ಮಕ್ಕಳಿಗೆ ಜಾಸ್ತಿ ಸಿಗುವುದು ಹನನ್ಯನ ಎರಡು ವರ್ಷ. ಹೆಸರು ಮಾತ್ರ ಯೆರೆಮೀಯನದು. ಆ ಎರಡು ವರ್ಷ ಕಳೆದು ಏನೂ ಆಗದಿದ್ದಾಗ ಭಯ ದುಪ್ಪಟ್ಟಾಗುತ್ತದೆ, ಜೊತೆಗೆ ನನ್ನ ನಂಬಿಕೆಯೇ ಸಾಲಲಿಲ್ಲ ಅನ್ನುವ ಕೊರಗು ಬೇರೆ.

ಒಬ್ಬಳು ಹುಡುಗಿ ಅರ್ಜಿ ಹಿಡಿದು ಬಂದಿದ್ದಳು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಹೆಸರು, ಅಂಕ, ಸಹಿ ಎಲ್ಲ ತುಂಬಿದೆ. ಯಾವ ಕೋರ್ಸ್ ಅನ್ನುವ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಬರೆದು ಅಳಿಸಿ, ಬರೆದು ಅಳಿಸಿ, ಕಾಗದ ಸವೆದು ಹಿಂದಿನ ಅಕ್ಷರ ಕಾಣುತ್ತಿತ್ತು. ಕೊನೇ ದಿನಾಂಕ ಮರುದಿನ. “ದೇವರ ಚಿತ್ತ ಗೊತ್ತಾಗದೆ ಹೇಗೆ ಬರೀಲಿ ಆಂಟಿ? ತಪ್ಪು ಆರಿಸಿದ್ರೆ?”

ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ತೆಗೆಸಿದೆ. ಅಪೊಸ್ತಲ ಪೌಲ ಆಸ್ಯ ಸೀಮೆಯಲ್ಲಿ ದೇವರ ವಾಕ್ಯ ಸಾರಬೇಕೆಂದಿದ್ದ, ತಡೆಯಾಯಿತು. ಬಿಥೂನ್ಯಕ್ಕೆ ಹೋಗಲು ನೋಡಿದ, ಅದೂ ಆಗಲಿಲ್ಲ. ತ್ರೋವ ಪಟ್ಟಣಕ್ಕೆ ಬಂದ ಮೇಲೆಯೇ ರಾತ್ರಿ, ನಮ್ಮಲ್ಲಿಗೆ ಬಾ ಎನ್ನುವ ಮಕೆದೋನ್ಯದವನ ದರ್ಶನ ಆದದ್ದು. ಪೌಲನೇ ಎರಡು ಕಡೆ ತಡೆ ಎದುರಿಸಿ ದಾರಿ ಕಂಡುಕೊಂಡ. ನೀನು ಒಂದೇ ಸಲಕ್ಕೆ ಸರಿಯಾಗಿ ಬರೆಯಬೇಕು ಅಂತ ಯಾರು ಹೇಳಿದ್ದು ಎಂದೆ. ಸ್ವಲ್ಪ ಜೋರಾಗೇ ಹೇಳಿದೆ ಅನ್ನಿಸುತ್ತದೆ. ಅವಳು ನಕ್ಕಳು. ಹೋಗುವ ಮೊದಲು ಪೆನ್ ಕೇಳಿದಳು. ಯಾವ ಕೋರ್ಸ್ ಅಂತ ನಾನು ಕೇಳಲಿಲ್ಲ, ಅದು ನನ್ನ ಕೆಲಸವೂ ಅಲ್ಲ.

ಎಲ್ಲ ಭಯವೂ ಹೀಗೆ ಮಾತಿನಲ್ಲಿ ಇಳಿಯುವುದಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಸತ್ತರೆ ಸಾಕು ಅನ್ನಿಸುತ್ತಿದೆ ಎಂದರೆ ಮನೋವೈದ್ಯರ ಹತ್ತಿರ ಹೋಗಲೇಬೇಕು. ಸಾವಿನ ಮಾತು ಬಂದರೆ ಅವತ್ತೇ. ನಾನು ಡಾಕ್ಟರಲ್ಲ, ಮಾತ್ರೆ ಬೇಕೋ ಬೇಡವೋ ಹೇಳಲಾರೆ. ಪ್ರಾರ್ಥನೆ ನಿಲ್ಲಿಸಿ ಅಂತಲೂ ಹೇಳುತ್ತಿಲ್ಲ. ಸಾಕಪ್ಪಾ, ಪ್ರಾಣ ತೆಗೆದುಕೋ ಎಂದು ಮರದಡಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಎದ್ದು ತಿನ್ನು ಎಂದ. ರೊಟ್ಟಿ, ನೀರು, ಮತ್ತೆ ನಿದ್ದೆ.

ಅಪ್ಪ ಅಮ್ಮಂದಿರೇ, ಮಗ ಹೆದರಿಕೆ ಆಗ್ತಿದೆ ಎಂದಾಗ “ಪ್ರಾರ್ಥನೆ ಮಾಡಿದ್ಯಾ?” ಅನ್ನುವುದು ನಿಮ್ಮ ಮೊದಲ ಮಾತಾಗಬೇಕಿಲ್ಲ. ಅವನು ಮಾಡಿರುತ್ತಾನೆ. ಏನಾಗುತ್ತೆ ಅಂತ ಹೆದರಿಕೆ ಎಂದು ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ. ಯೌವನಸ್ಥರ ಕೂಟ ನಡೆಸುವವರಿಗೂ ಒಂದು ಮಾತು. ಸಾಕ್ಷಿ ಹೇಳಲು, ಅಂದರೆ ದೇವರು ತಮಗೆ ಮಾಡಿದ್ದನ್ನು ಎಲ್ಲರೆದುರು ಹೇಳಲು, ಸೀಟು ಸಿಕ್ಕವರನ್ನೇ ಪ್ರತೀ ಸಲ ಎಬ್ಬಿಸುತ್ತೀರಿ. ಮುಂದಿನ ಸಲ, ಒಪ್ಪುವುದಾದರೆ, ಸಿಗದೇ ಬೇರೆ ದಾರಿ ಹಿಡಿದವರೊಬ್ಬರಿಗೂ ಹತ್ತು ನಿಮಿಷ ಕೊಡಿ.